ಕೊಟ್ಟಿಗೆಯ ಹಳೆಯ ಜೀಪು ಮತ್ತೆ ಗುಡ್ಡ ಹತ್ತಬೇಕಾದರೆ

ಕಾಸರಗೋಡು: ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಭಾಗದ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಬದಿಗೆ ಅಡಿಕೆ ಸೋಗೆಯೋ ಹರಿದ ಟಾರ್ಪಾಲೋ ಹೊದ್ದು ನಿಂತ ಹಳೆಯ ಜೀಪು ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಬಸ್ಸು ಬಾರದ ಕಾಲದಲ್ಲಿ ಗುಡ್ಡದ ಊರುಗಳಿಗೆ ಜೀಪೇ ಬಸ್ಸು, ಜೀಪೇ ಲಾರಿ, ರಾತ್ರಿ ಹೊತ್ತಿನಲ್ಲಿ ಜೀಪೇ ಆಂಬುಲೆನ್ಸ್. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸು, ಎಲ್ಲರನ್ನೂ ಪೇಟೆಗೆ ಮುಟ್ಟಿಸಿದ್ದು ಅದೇ ಗಾಡಿ. ರಸ್ತೆಗೆ ಟಾರು ಬಿದ್ದು ಮನೆಗೊಂದು ಕಾರು ಬಂದ ಮೇಲೆ ಜೀಪು ಮೂಲೆ ಸೇರಿತು.

ಈಗ ಮತ್ತೆ ಅದನ್ನು ಹೊರತೆಗೆಯುವ ಉಮೇದು ಕಾಣುತ್ತಿದೆ. ತೋಟದ ಕೆಲಸಕ್ಕೆ ಹೊಸ ಫೋರ್‌ವೀಲ್ ಗಾಡಿ ಕೊಳ್ಳುವುದು ಸಣ್ಣ ಕೃಷಿಕರ ಕೈಗೆ ಎಟುಕುವ ಮಾತಲ್ಲ. ಹಳೆಯ ಜೀಪನ್ನು ಮನೆಯಂಗಳದಲ್ಲೇ ರಿಪೇರಿ ಮಾಡಿಸಿದರೆ ಕೆಲಸವೂ ಆಗುತ್ತದೆ, ಅಪ್ಪನ ಕಾಲದ ಗಾಡಿ ಉಳಿಯುತ್ತದೆ. ಆದರೆ ಹೀಗೆ ಹೊರಟವರಲ್ಲಿ ಹಲವರು ಹಣವನ್ನು ತಪ್ಪು ಕ್ರಮದಲ್ಲಿ ಖರ್ಚು ಮಾಡುತ್ತಾರೆ. ಮೊದಲು ಬಣ್ಣ, ದೊಡ್ಡ ಟಯರು, ನಾಲ್ಕು ಲೈಟು. ಕೊನೆಗೆ ಬ್ರೇಕಿನ ಸರದಿ ಬರುವಾಗ ಕೈಯಲ್ಲಿ ಕಾಸಿಲ್ಲ. ಗುಡ್ಡದ ಇಳಿಜಾರಿನಲ್ಲಿ ಈ ಕ್ರಮದ ತಪ್ಪು ಪ್ರಾಣಕ್ಕೇ ಬರಬಹುದು.

ಯಾವ ಜೀಪು, ಯಾವ ಎಂಜಿನ್?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪು ಸ್ವಾತಂತ್ರ್ಯಾನಂತರ ಮಹೀಂದ್ರ ಕಂಪೆನಿಯ ಮೂಲಕ ಮುಂಬಯಿಯಲ್ಲಿ ಜೋಡಣೆಯಾಗಿ ಭಾರತದ ರಸ್ತೆಗಿಳಿಯಿತು. ಹಿರಿಯರು ‘ಎತ್ತರ ಬಾನೆಟ್ಟಿನ ಜೀಪು’ ಎಂದು ಗುರುತಿಸುವುದು ಸಿಜೆ 3ಬಿ. ಅದರ ಸುಮಾರು 2.2 ಲೀಟರಿನ ಪೆಟ್ರೋಲ್ ಎಂಜಿನ್ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಎರಡು ಆಕ್ಸಲುಗಳ ನಡುವಿನ ಅಂತರ 80 ಇಂಚು. 1980ರ ದಶಕದಲ್ಲಿ ಬಂದ ಎಂ.ಎಂ. 540ರಲ್ಲಿ ಈ ಅಂತರ 91 ಇಂಚಾಯಿತು; ಎಂಜಿನ್ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್. ಅನಂತರದ ಹಲವು ಗಾಡಿಗಳಲ್ಲಿ 2523 ಸಿಸಿಯ ಎಂಡಿಐ ಡೀಸೆಲ್ ಎಂಜಿನ್ ಇದೆ.

ಇವೆಲ್ಲಕ್ಕೂ ಸಮಾನವಾದ ಒಂದು ಗುಣವಿದೆ. ಏಣಿಯಾಕಾರದ ಗಟ್ಟಿ ಚಾಸಿಸ್, ಅದರ ಮೇಲೆ ಬೋಲ್ಟಿನಲ್ಲಿ ಕೂರಿಸಿದ ಬಾಡಿ, ಕೆಳಗೆ ಪಟ್ಟಾ ಸ್ಪ್ರಿಂಗು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರ್ ಸೆಟ್ಟು, ಜಾಕು, ಗ್ರೀಸ್ ಗನ್ನು ಮತ್ತು ತಾಳ್ಮೆ ಇದ್ದರೆ ಬಹುಪಾಲು ಕೆಲಸ ಮನೆಯಲ್ಲೇ ಸಾಧ್ಯ. ವೆಲ್ಡಿಂಗ್, ಲೇತ್ ಕೆಲಸ, ಡೀಸೆಲ್ ಪಂಪಿನ ಕ್ಯಾಲಿಬ್ರೇಶನ್ ಇವಿಷ್ಟಕ್ಕೆ ಪೇಟೆಯ ವರ್ಕ್‌ಶಾಪೇ ಗತಿ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಗಡಿನಾಡಿನಲ್ಲಿ ಜೀಪಿನ ತೊಂದರೆ ಅನೇಕ ಬಾರಿ ಎಂಜಿನಿನಲ್ಲಿ ಅಲ್ಲ, ಆರ್‌ಸಿ ಪುಸ್ತಕದಲ್ಲಿರುತ್ತದೆ. ಗಾಡಿ ಪುತ್ತೂರಿನ ಕೆಎ 21, ಮನೆ ಇರುವುದು ಕೆಎಲ್ 14ರಲ್ಲಿ. ಕೊಟ್ಟವರು ಈಗಿಲ್ಲ, ಹೆಸರು ಬದಲಾಗಿಲ್ಲ. ಇಂತಹ ಗಾಡಿಗೆ ಒಂದು ರೂಪಾಯಿ ಹಾಕುವ ಮೊದಲು ಈ ಕೆಳಗಿನವನ್ನು ನೋಡಿಕೊಳ್ಳಬೇಕು.

ಒಂದು, ಚಾಸಿಸ್ ನಂಬರು ಮತ್ತು ಎಂಜಿನ್ ನಂಬರು ಆರ್‌ಸಿಯೊಂದಿಗೆ ತಾಳೆಯಾಗಬೇಕು. ನಂಬರಿರುವ ಜಾಗವನ್ನು ಮೃದುವಾಗಿ ಉಜ್ಜಿ ಓದಬೇಕು, ಗ್ರೈಂಡರ್ ತಾಗಿಸಬಾರದು. ಪೆಟ್ರೋಲ್ ಜೀಪಿಗೆ ಯಾವತ್ತೋ ಡೀಸೆಲ್ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಪೆಟ್ರೋಲ್ ಎಂದೇ ಉಳಿಸಿದ ಗಾಡಿಗಳು ಕಡಿಮೆಯಲ್ಲ. ಎರಡು, ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮೊದಲ ಕಚೇರಿಯ ಎನ್‌ಒಸಿ ಬೇಕು. ಅದರ ಅರ್ಜಿ 28ನೇ ನಂಬರಿನ ಫಾರಂ. ಹೆಸರು ಬದಲಾವಣೆಗೆ 29 ಮತ್ತು 30ನೇ ಫಾರಂಗಳು. ಮೂರು, ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ 25ನೇ ಫಾರಂ.

ಈ ನವೀಕರಣದ ಶುಲ್ಕ ಈಗ ಹಗುರವಲ್ಲ. 2022ರ ಎಪ್ರಿಲ್ 1ರಿಂದ 15 ವರ್ಷ ದಾಟಿದ ಕಾರು, ಜೀಪುಗಳಿಗೆ ಅದು 5,000 ರೂಪಾಯಿಯಾಯಿತು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ 10,000 ರೂಪಾಯಿ ಎಂದಾಯಿತು. ಅವಧಿ ಮೀರಿದ್ದರೆ ತಿಂಗಳ ಲೆಕ್ಕದಲ್ಲಿ ದಂಡ, ಮೇಲಿಂದ ಬಾಕಿ ತೆರಿಗೆ, ಹಸಿರು ತೆರಿಗೆ. ಹತ್ತು ವರ್ಷ ಮೂಲೆಯಲ್ಲಿದ್ದ ಗಾಡಿಯ ಬಾಕಿ ಎಷ್ಟೆಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಂಡ ಮೇಲೆಯೇ ರಿಪೇರಿಯ ಬಜೆಟ್ ಹಾಕುವುದು ಕ್ಷೇಮ.

50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ 2021ರ ಜುಲೈಯಲ್ಲಿ ಬಂದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಆದರೆ ಅಂತಹ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ತೋಟಕ್ಕೆ ಗೊಬ್ಬರ ಹೊರುವ ಜೀಪಿಗೆ ಈ ದಾರಿ ಹೊಂದುವುದಿಲ್ಲ.

ಮುರಕಲ್ಲಿನ ಮೇಲೆ ನಿಲ್ಲಿಸಬೇಡಿ

ನಮ್ಮ ಕಡೆ ಯಾವುದಕ್ಕೆ ಆಧಾರ ಬೇಕಾದರೂ ಕೈಗೆ ಸಿಗುವುದು ಮುರಕಲ್ಲು. ಗೋಡೆಗೆ ಅದು ಒಳ್ಳೆಯದು, ಜೀಪಿನ ಅಡಿಗೆ ಅಲ್ಲ. ಆಕ್ಸಲಿನ ಭಾರ ಒಂದೇ ಬಿಂದುವಿನಲ್ಲಿ ಬಿದ್ದಾಗ ಮುರಕಲ್ಲು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಸಿಮೆಂಟ್ ಬ್ಲಾಕು ಕೂಡ ಹಾಗೆಯೇ. ಕಬ್ಬಿಣದ ಜಾಕ್ ಸ್ಟ್ಯಾಂಡ್ ನಾಲ್ಕು ಕೊಳ್ಳಬೇಕು, ಇಲ್ಲವೇ ದಪ್ಪ ಮರದ ಹಲಗೆಗಳನ್ನು ಅಡ್ಡಡ್ಡ ಪೇರಿಸಬೇಕು. ಬರೀ ಜಾಕನ್ನು ನಂಬಿ ಗಾಡಿಯ ಅಡಿಗೆ ತಲೆ ಹಾಕಬಾರದು.

ಇನ್ನೊಂದು ಅಪಾಯ ಹಲವರಿಗೆ ಗೊತ್ತಿರುವುದಿಲ್ಲ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕು ಹಿಂದಿನ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿದರೆ ಡಿಫರೆನ್ಶಿಯಲ್ ಆ ಚಕ್ರವನ್ನು ತಿರುಗಲು ಬಿಡುತ್ತದೆ, ನೆಲದಲ್ಲಿರುವ ಚಕ್ರವೂ ಉರುಳುತ್ತದೆ. ಹ್ಯಾಂಡ್‌ಬ್ರೇಕು ಎಳೆದಿದ್ದರೂ ಜೀಪು ಜಾಕಿನಿಂದ ಜಾರಬಹುದು. ಶಾಫ್ಟ್ ಕಳಚಿದರಂತೂ ಹ್ಯಾಂಡ್‌ಬ್ರೇಕೇ ಇಲ್ಲ. ಆದ್ದರಿಂದ ನೆಲದಲ್ಲಿರುವ ಚಕ್ರಗಳಿಗೆ ಎರಡೂ ಬದಿ ಮರದ ಅಡೆ ಕೊಡುವುದು ಮೊದಲ ಕೆಲಸ.

ಚಾಸಿಸ್ ನೋಡುವುದು ಹೇಗೆ?

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆ ಇದು. ಜತೆಗೆ ಕಡಲ ಗಾಳಿಯ ಉಪ್ಪು. ಚಾಸಿಸಿನ ಒಳಗೆ ತುಂಬಿದ ಕೆಂಪು ಮಣ್ಣು ಬೇಸಿಗೆಯಲ್ಲೂ ತೇವ ಹಿಡಿದಿಡುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹಾಗಾಗಿ ಹೊರಗಿನ ಬಣ್ಣ ನೋಡಿ ನಿರ್ಧರಿಸುವಂತಿಲ್ಲ.

ಮೊದಲು ನೀರು ಹಾಯಿಸಿ ಮಣ್ಣೆಲ್ಲ ತೊಳೆದು ನಾಲ್ಕೈದು ದಿನ ಒಣಗಿಸಬೇಕು. ಬಳಿಕ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಗಂಟೆಯಂತೆ ಕಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ದಬ್ ಎನ್ನುತ್ತದೆ, ಕೆಲವು ಕಡೆ ಸುತ್ತಿಗೆ ಒಳಗೇ ಹೋಗುತ್ತದೆ. ಸ್ಪ್ರಿಂಗಿನ ಹ್ಯಾಂಗರ್, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ಬಾಡಿಯ ಬೋಲ್ಟ್ ಕೂರುವ ಬ್ರಾಕೆಟ್ ಇವನ್ನು ವಿಶೇಷವಾಗಿ ನೋಡಬೇಕು. ಮೊದಲ ಎರಡು ಕಡೆ ಬಿರುಕು ಕಂಡರೆ ಅನುಭವಿ ವೆಲ್ಡರ್‌ಗೇ ಒಪ್ಪಿಸಬೇಕು. ಚಾಸಿಸಿನ ಉದ್ದದ ಪಟ್ಟಿಯೇ ಎರಡು ಮೂರು ಕಡೆ ಕರಗಿದ್ದರೆ ಆ ಗಾಡಿಗೆ ಹಣ ಹಾಕುವ ಯೋಚನೆಯನ್ನೇ ಬಿಡುವುದು ಲೇಸು.

ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕಳಚಬೇಕು, ಇಂಧನ ಟ್ಯಾಂಕು ಹೊರಗಿಡಬೇಕು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗಿನ ಆವಿಗೆ ಕಿಡಿ ತಾಗಿದರೆ ಸ್ಫೋಟ ಖಚಿತ. ತೂತಾದ ಟ್ಯಾಂಕನ್ನು ಮನೆಯಲ್ಲಿ ವೆಲ್ಡ್ ಮಾಡುವ ಸಾಹಸ ಬೇಡವೇ ಬೇಡ.

ತುಕ್ಕು ತೆಗೆದ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬಳಿದು ಕೆಲಸ ಮುಗಿಯಿತೆಂದು ಬಿಡುವ ವಾಡಿಕೆ ಇದೆ. ರೆಡ್ ಆಕ್ಸೈಡ್ ಬರೀ ಅಡಿಬಣ್ಣ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಮೇಲೆ ಎರಡು ಕೋಟ್ ಎನಾಮಲ್ ಅಥವಾ ಚಾಸಿಸ್ ಬಣ್ಣ ಬೇಕೇಬೇಕು. ಖರ್ಚು ಮಾಡುವ ಶಕ್ತಿ ಇದ್ದವರಿಗೆ ಎಪಾಕ್ಸಿ ಪ್ರೈಮರ್ ಉತ್ತಮ. ಬಣ್ಣದ ಕೆಲಸ ಜನವರಿಯಿಂದ ಮಾರ್ಚಿನೊಳಗೆ, ಗಾಳಿಯಲ್ಲಿ ತೇವ ಕಡಿಮೆ ಇರುವಾಗ ಮುಗಿಯಬೇಕು. ಮಳೆಗಾಲದಲ್ಲಿ ಹೊಡೆದ ಬಣ್ಣ ಮುಂದಿನ ಮಳೆಗಾಲಕ್ಕೆ ಎದ್ದು ಬರುತ್ತದೆ.

ಬ್ರೇಕಿನಲ್ಲಿ ಉಳಿತಾಯ ಬೇಡ

ಹಳೆಯ ಜೀಪಿನ ಬ್ರೇಕಿಗೆ ಒಂದೇ ಸರ್ಕ್ಯೂಟು. ನಾಲ್ಕು ಚಕ್ರಕ್ಕೂ ಎಣ್ಣೆ ಹೋಗುವುದು ಒಂದೇ ಕೋಣೆಯಿಂದ. ಎಲ್ಲಾದರೂ ಒಂದು ಪೈಪು ತೂತಾದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಆದ್ದರಿಂದ ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕಿನಲ್ಲಿ ‘ಇದೊಂದು ಪರವಾಗಿಲ್ಲ’ ಎನ್ನುವ ಮಾತಿಲ್ಲ. ಕಬ್ಬಿಣದ ಪೈಪು, ರಬ್ಬರ್ ಹೋಸು, ವೀಲ್ ಸಿಲಿಂಡರ್ ಕಿಟ್ಟು, ಮಾಸ್ಟರ್ ಸಿಲಿಂಡರ್ ಎಲ್ಲವೂ ಹೊಸತಾಗಬೇಕು.

ಡ್ರಮ್ಮಿನ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಲೈನಿಂಗು ಎಣ್ಣೆಯಲ್ಲಿ ನೆನೆದಿದ್ದರೆ ಆಕ್ಸಲಿನ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಸೀಲು ಬದಲಿಸದೆ ಹೊಸ ಲೈನಿಂಗ್ ಹಾಕಿದರೆ ಅದೂ ನೆನೆಯುತ್ತದೆ. ರಬ್ಬರ್ ಭಾಗಗಳನ್ನು ಡೀಸೆಲ್, ಪೆಟ್ರೋಲಿನಲ್ಲಿ ತೊಳೆಯಬಾರದು, ಉಬ್ಬಿ ಕೆಡುತ್ತವೆ. ಬ್ರೇಕ್ ಎಣ್ಣೆಯಲ್ಲೇ ತೊಳೆಯಬೇಕು.

ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ, ಸಾಮಾನ್ಯವಾಗಿ ಹಿಂದಿನ ಎಡಗಡೆಯಿಂದ, ಆರಂಭಿಸಿ ಹತ್ತಿರದ ಚಕ್ರಕ್ಕೆ ಬರಬೇಕು. ಕೊನೆಗೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಪೆಡಲು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗೇ ಬಿಡುತ್ತಿದೆ. ಆ ಗಾಡಿ ಅಂಗಳ ದಾಟಬಾರದು.

ಅಪ್‌ಗ್ರೇಡ್ ಎಂದು ಖರ್ಚು ಮಾಡುವುದಿದ್ದರೆ ಮೊದಲ ಹಣ ಇಲ್ಲಿಗೇ ಹೋಗಲಿ. ಎರಡು ಕೋಣೆಯ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಕೂರಿಸಿದರೆ ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಸಿಜೆ 3ಬಿಯ 9 ಇಂಚಿನ ಡ್ರಮ್ಮಿಗಿಂತ ಅದೇ ಕಂಪೆನಿಯ ಮುಂದಿನ ಮಾಡೆಲುಗಳ ದೊಡ್ಡ ಬ್ರೇಕು ಎಷ್ಟೋ ವಾಸಿ. ಡಿಸ್ಕ್ ಬ್ರೇಕು ಹಾಕಿಸಬೇಕೆಂದಿದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಸ್ಟೇರಿಂಗ್ ನಡುಗುತ್ತದೆಯೇ?

ನಲ್ವತ್ತು ಐವತ್ತರ ವೇಗದಲ್ಲಿ ಗುಂಡಿಗೆ ಬಿದ್ದ ಕೂಡಲೇ ಮುಂದಿನ ಚಕ್ರ ಗಡಗಡ ಅಲುಗುವುದು ಹಳೆಯ ಜೀಪಿನ ಕುಖ್ಯಾತ ರೋಗ. ಅನೇಕರು ಸ್ಟೇರಿಂಗ್ ಬಾಕ್ಸನ್ನೇ ಬದಲಿಸಿಬಿಡುತ್ತಾರೆ. ಕಾರಣ ಹೆಚ್ಚಾಗಿ ಬೇರೆಡೆ ಇರುತ್ತದೆ: ಸವೆದ ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ತುದಿ, ಸ್ಪ್ರಿಂಗ್ ಬುಷ್, ಸಡಿಲ ವೀಲ್ ಬೇರಿಂಗ್. ಚಕ್ರವನ್ನು ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಮತ್ತು ಕಿಂಗ್‌ಪಿನ್ನಿನ ಸಡಿಲ ಗೊತ್ತಾಗುತ್ತದೆ. ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಟೈ ರಾಡಿನದು.

ಚಕ್ರದ ಟೋ ಇನ್ ಅಳೆಯಲು ಮೆಶಿನು ಬೇಕಿಲ್ಲ. ಮುಂದಿನ ಚಕ್ರ ಎತ್ತಿ ತಿರುಗಿಸುತ್ತ ಟಯರಿನ ನಡುವೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಗಾಡಿ ಇಳಿಸಿ ಸ್ವಲ್ಪ ಮುಂದೆ ತಳ್ಳಿ, ಆಕ್ಸಲಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟಯರಿನ ಮುಂಭಾಗದಲ್ಲೂ ಹಿಂಭಾಗದಲ್ಲೂ ಟೇಪಿನಲ್ಲಿ ಅಳೆಯಬೇಕು. ಮುಂಭಾಗದ ಅಳತೆ 1ರಿಂದ 2 ಮಿ.ಮೀ. ಕಡಿಮೆ ಇದ್ದರೆ ಸರಿ.

ಎಂಜಿನಿನ ಹೊಗೆ ನೋಡಿ

ವರ್ಷಗಳಿಂದ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬಾರದು. ಆಯಿಲ್ ಬದಲಿಸಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ದಿನ ಬಿಟ್ಟು ಕೈಯಲ್ಲಿ ತಿರುಗಿಸಿ ನೋಡಬೇಕು. ಹಳೆಯ ಡೀಸೆಲನ್ನು ಪೂರ್ತಿ ಚೆಲ್ಲಿ ಟ್ಯಾಂಕು ತೊಳೆಯಬೇಕು. ಅಡಿಯಲ್ಲಿ ನಿಂತ ನೀರು ಇಂಜೆಕ್ಷನ್ ಪಂಪಿನೊಳಗೆ ಹೋದರೆ ಪಂಪಿನ ರಿಪೇರಿಯೇ ಎಂಜಿನಿನ ರಿಪೇರಿಯಷ್ಟಾಗುತ್ತದೆ.

ಸ್ಟಾರ್ಟ್ ಆದ ಮೇಲೆ ಹೊಗೆಯೇ ವೈದ್ಯರ ವರದಿ. ಕಪ್ಪು ಹೊಗೆ ಬಂದರೆ ನೋಝಲ್, ಪಂಪು ಅಥವಾ ಏರ್ ಫಿಲ್ಟರ್. ಇವು ಸಣ್ಣ ಖರ್ಚಿನವು. ನೀಲಿ ಹೊಗೆಯೆಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ರೈಲಿನಂತೆ ಹೊಗೆ ಉಗುಳಿದರೆ ರಿಂಗು, ಬೋರು ಸವೆದಿದೆ. ಅಂತಹ ಎಂಜಿನ್ನಿಗೆ ಪೂರ್ತಿ ಓವರ್‌ಹಾಲ್ ಬೇಕು, ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಪೆಟ್ರೋಲ್ ಜೀಪಿನವರು ಇನ್ನೊಂದು ವಿಷಯ ಗಮನಿಸಬೇಕು. 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಶೇ. 20 ಎಥೆನಾಲ್ ಸೇರಿದ ಪೆಟ್ರೋಲೇ ಸಿಗುವಂತಾಯಿತು. ಎಥೆನಾಲ್ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು, ಕಾರ್ಕ್ ಗ್ಯಾಸ್ಕೆಟ್ಟುಗಳನ್ನು ಹಾಳುಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಎಥೆನಾಲ್ ತಡೆಯುವ ಪೈಪು ಹಾಕಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬರೇಟರ್ ಖಾಲಿ ಮಾಡುವುದು ಒಳ್ಳೆಯದು.

ಫೋರ್‌ವೀಲ್ ಗೇರ್ ಪರೀಕ್ಷೆಯನ್ನು ಮಣ್ಣಿನ ಮೇಲೆಯೇ ಮಾಡಬೇಕು. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಶಾಫ್ಟುಗಳು ಬಿಗಿದುಕೊಂಡು ಕ್ರಾಸ್ ಅಥವಾ ಗೇರು ಮುರಿಯುತ್ತದೆ.

ವಯರಿಂಗ್: ಒಂದು ಸಣ್ಣ ಲೆಕ್ಕ

60 ವಾಟಿನ ಎರಡು ಹೆಡ್‌ಲೈಟ್ ಎಂದರೆ 120 ವಾಟ್. 12 ವೋಲ್ಟಿನಲ್ಲಿ ಅದು 10 ಆಂಪಿಯರ್. ಅಷ್ಟೂ ವಿದ್ಯುತ್ತು ಮೂವತ್ತು ವರ್ಷದ ಹಳೆಯ ಸ್ವಿಚ್ಚಿನ ಮೂಲಕ ಹೋದರೆ ಸ್ವಿಚ್ಚು ಸುಡುತ್ತದೆ, ಬೆಳಕೂ ಮಂಕು. ಒಂದು ರಿಲೇ, ಒಂದು ಫ್ಯೂಸು, ಬ್ಯಾಟರಿಯಿಂದ ನೇರ ದಪ್ಪ ವಯರು ಹಾಕಿದರೆ ಅದೇ ಬಲ್ಬು ಎದ್ದು ಬೆಳಗುತ್ತದೆ. ಡೈನಮೋ ಇರುವ ಗಾಡಿಗೆ ಆಲ್ಟರ್ನೇಟರ್ ಹಾಕಿಸುವುದೂ ಲಾಭದ ಕೆಲಸ. ಹಳೆಯ ವಯರಿಗೆ ಟೇಪು ಸುತ್ತುವುದಕ್ಕಿಂತ ಹೊಸ ಹಾರ್ನೆಸ್ ಎಳೆಸುವುದು ಬೆಂಕಿಯ ಭಯವನ್ನು ದೂರ ಮಾಡುತ್ತದೆ.

ಅಂದ ಹೆಚ್ಚಿಸುವ ಮುನ್ನ ಕಾನೂನು

ದೊಡ್ಡ ಟಯರು ಹಾಕುವ ಮೊದಲು ಇನ್ನೊಂದು ಲೆಕ್ಕ. ಹಳೆಯ 6.00-16 ಟಯರಿನ ಎತ್ತರ ಸುಮಾರು 28.5 ಇಂಚು. 31 ಇಂಚಿನದು ಹಾಕಿದರೆ ಸುಮಾರು ಶೇ. 9 ಹೆಚ್ಚು. ಸ್ಪೀಡೋಮೀಟರ್ 40 ತೋರಿಸುವಾಗ ನಿಜವಾದ ವೇಗ 43ಕ್ಕಿಂತ ಮೇಲೆ. ಎಳೆಯುವ ಶಕ್ತಿ ಅಷ್ಟೇ ಕಡಿಮೆ, ಬ್ರೇಕಿನ ಹಿಡಿತವೂ ಅಷ್ಟೇ ಕಡಿಮೆ. ಉದ್ದದ ಶ್ಯಾಕಲ್ ಹಾಕಿ ಎತ್ತರಿಸಿದ ಜೀಪು ತಿರುವಿನಲ್ಲಿ ಬೇಗ ಮಗುಚುತ್ತದೆ.

ಪಂಜಾಬಿನ ಗಡಿಗೆ ತಾಗಿದ ಹರಿಯಾಣದ ಡಬ್ವಾಲಿ ಬಗೆಬಗೆಯ ಜೀಪು ಕಟ್ಟಿಕೊಡುವುದಕ್ಕೆ ದೇಶದಲ್ಲೇ ಹೆಸರುವಾಸಿ. ಅಲ್ಲಿಯ ಚಿತ್ರ ನೋಡಿ ಇಲ್ಲೂ ಹಾಗೆಯೇ ಮಾಡಿಸುವ ಆಸೆ ಸಹಜ. ಆದರೆ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆಗೆ ನೋಂದಣಿ ಇಲ್ಲ ಎಂದು ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂತಹ ಒಂದೊಂದು ಬದಲಾವಣೆಗೂ ಮಾಲಕನಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಎಂದಾಯಿತು. ಮುಂದಿನ ಕಬ್ಬಿಣದ ಬುಲ್‌ಬಾರ್ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಎಂಜಿನ್ ಬದಲಿಸುವುದಿದ್ದರೆ ಮುಂಚಿತವಾಗಿ ಅನುಮತಿ ಬೇಕು, ಬಣ್ಣ ಬದಲಿಸಿದರೆ ಅದು ಆರ್‌ಸಿಯಲ್ಲಿ ಸೇರಬೇಕು. ಸೀಟ್ ಬೆಲ್ಟು, ಒಳ್ಳೆಯ ಸೀಟು, ಹೊಸ ಹುಡ್ಡು ಇವು ಕಡಿಮೆ ಖರ್ಚಿನಲ್ಲಿ ದಿನವೂ ಉಪಕಾರಕ್ಕೆ ಬರುವ ಸುಧಾರಣೆಗಳು.

ಹಣದ ಹಂಚಿಕೆ

ಕೈಯಲ್ಲಿರುವ ಹಣವನ್ನು ನೂರು ಪಾಲೆಂದು ಇಟ್ಟುಕೊಂಡರೆ ಮೊದಲು ಆರ್‌ಟಿಒ ಬಾಕಿಯನ್ನು ಬದಿಗಿಡಬೇಕು. ಉಳಿದದ್ದರಲ್ಲಿ ಚಾಸಿಸ್, ಬ್ರೇಕು, ಸ್ಟೇರಿಂಗು ಸೇರಿ ಅರ್ಧ. ಆಮೇಲೆ ಎಂಜಿನು, ವಯರಿಂಗು. ಬಾಡಿ, ಬಣ್ಣ ಕೊನೆಗೆ. ಹದಿನೈದು ಪಾಲನ್ನು ಮುಟ್ಟದೆ ಇಡಬೇಕು; ಬಿಚ್ಚಿದ ಮೇಲೆ ಕಾಣುವ ದೋಷಕ್ಕೆ ಅದು ಬೇಕಾಗಿಯೇ ಬೇಕಾಗುತ್ತದೆ. ಬಿಡಿಭಾಗಗಳು ಮಂಗಳೂರಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಕೊಯಮತ್ತೂರಿನ ಉಕ್ಕಡಂ ಕಡೆ ಸಿಗುತ್ತವೆ. ವಯನಾಡು, ನೀಲಗಿರಿ, ತಾಳವಾಡಿ ಭಾಗದವರಿಗೆ ಕೊನೆಯದು ಹತ್ತಿರ. ಗೇರ್‌ಬಾಕ್ಸ್, ಆಕ್ಸಲ್ ಹಳೆಯದಾದರೂ ನಡೆಯುತ್ತದೆ. ಬ್ರೇಕಿನ ರಬ್ಬರು, ಟೈ ರಾಡಿನ ತುದಿ, ಟಯರು ಇವು ಹಳೆಯದು ಬೇಡ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದು ಬೋಲ್ಟುಗಳನ್ನು ಹೆಸರು ಬರೆದ ಡಬ್ಬಿಯಲ್ಲಿ ಹಾಕಿಟ್ಟರೆ ಜೋಡಿಸುವಾಗ ಅರ್ಧ ಕೂಲಿ ಉಳಿಯುತ್ತದೆ.

ದೀಪಾವಳಿ ಕಳೆದು ಮಳೆ ನಿಂತ ಮೇಲೆ ಕೆಲಸ ಶುರು ಮಾಡಿದರೆ ಮುಂದಿನ ಜೂನಿನೊಳಗೆ ಮುಗಿಸಲು ಸಾಧ್ಯ. ಮೊದಲ ಓಟ ಖಾಲಿ ಗಾಡಿಯಲ್ಲಿ, ಸಮತಟ್ಟು ಜಾಗದಲ್ಲಿ. ಆಮೇಲೆ ಸಣ್ಣ ಇಳಿಜಾರು, ಆಮೇಲೆ ಅರ್ಧ ಭಾರ. ನೂರು ಕಿಲೋಮೀಟರ್ ಓಡಿದ ಬಳಿಕ ಚಕ್ರದ ನಟ್ಟು, ಸ್ಪ್ರಿಂಗಿನ ಯು ಬೋಲ್ಟು, ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಅಷ್ಟಾಗುವವರೆಗೆ ಮನೆಯ ಮಕ್ಕಳನ್ನು ಹತ್ತಿಸಿಕೊಳ್ಳಬಾರದು. ಬಣ್ಣ ಹೊಡೆಸಲು ಹಣ ಸಾಲದಿದ್ದರೆ ಚಿಂತೆಯಿಲ್ಲ, ಅದು ಮುಂದಿನ ಅಡಿಕೆ ಕೊಯ್ಲಿನವರೆಗೆ ಕಾಯಬಹುದು.